ಟ್ರಂಕಿನಲ್ಲಿ ಸಿಕ್ಕ ಒಂಬತ್ತು ಸೆರಗು

ಈ ವಾರ ಅಂಕಣಕ್ಕೆ ಬಂದ ಪತ್ರ ನಾಲ್ಕು ಪುಟ ಇದೆ. ಮೂರೂವರೆ ಪುಟದ ತುಂಬ ಅಜ್ಜಿ, ಉಳಿದ ಅರ್ಧ ಪುಟದಲ್ಲಿ ಅವ್ವನ ಮೇಲೆ ಸಿಟ್ಟು. ಓದಿ ಮುಗಿಸಿದಾಗ ನನಗೂ ಸಿಟ್ಟು ಬಂದಿತ್ತು. ಅವ್ವನ ಮೇಲಂತೂ ಅಲ್ಲ.

ಪತ್ರ ಬರೆದವರಿಗೆ 36 ವರ್ಷ, ಬೆಂಗಳೂರಿನಲ್ಲಿ ಕೆಲಸ. ಗದಗ ಜಿಲ್ಲೆಯ ಹಳ್ಳಿಯವರು. ಏಳು ವರ್ಷದವರಿದ್ದಾಗ ಅಪ್ಪ ತೀರಿಕೊಂಡರು. ಅವ್ವ ಅಂಗನವಾಡಿ ಕೆಲಸಕ್ಕೆ ಹೋಗುತ್ತಿದ್ದರಿಂದ ಎಸ್ಸೆಸ್ಸೆಲ್ಸಿವರೆಗೂ ನೋಡಿಕೊಂಡಿದ್ದು ಅಪ್ಪನ ತಾಯಿ. ಅಪ್ಪ-ಅವ್ವನಿಗೆ ಇವರು ಒಬ್ಬಳೇ ಮಗಳು. ಅಜ್ಜಿ 88ರ ವಯಸ್ಸಿನಲ್ಲಿ ಹೋದರು. ಆಮೇಲೆ ಪುಣೆಯಲ್ಲಿರುವ ಕಾಕಾ ಫೋನ್ ಮಾಡಿ, 'ನಿಮ್ಮವ್ವ ಅಜ್ಜಿ ಸೀರಿ ಎಲ್ಲಾ ಹಾಳು ಮಾಡ್ಯಾಳ, ಟ್ರಂಕ್ ತಗದು ನೋಡು' ಅಂದರು. ಇವರು ಊರಿಗೆ ಹೋಗಿ ಟ್ರಂಕ್ ತೆಗೆದರು. ಇಪ್ಪತ್ತರ ಹತ್ತಿರ ಇದ್ದ ಇಳಕಲ್ ಸೀರೆಗಳಲ್ಲಿ ಇಡಿಯಾಗಿ ಉಳಿದಿದ್ದು ಎರಡು. ಜೊತೆಗೆ ಒಂದು ಗಂಟು. ಅದರಲ್ಲಿ ಕತ್ತರಿಸಿಟ್ಟ ಒಂಬತ್ತು ಸೆರಗು. 'ಸೆರಗು ಕತ್ತರಿಸುವಷ್ಟು ಕಲ್ಲು ಮನಸ್ಸೇ?' ಎಂದು ಕೇಳಿ ಬಂದವರು ಐದು ತಿಂಗಳಿಂದ ಅವ್ವನ ಜೊತೆ ಮಾತಾಡಿಲ್ಲ. ಈಗ ಕಾಕಾ ಅಜ್ಜಿಯ ಬಂಗಾರ ಪಾಲು ಮಾಡೋಣ ಎನ್ನುತ್ತಿದ್ದಾರೆ. ಅರ್ಧ ಅವರಿಗೆ, ಅರ್ಧ ಇವರಿಗೆ. 'ಅವ್ವನನ್ನು ಹೇಗೆ ಕ್ಷಮಿಸಲಿ?' ಎನ್ನುವುದು ಪ್ರಶ್ನೆ.

ಅಜ್ಜಿಯ ಬಗ್ಗೆ ಬರೆದ ಪುಟಗಳು ಚೆನ್ನಾಗಿವೆ. ಸುಮ್ನೆ ಹೊಗಳುತ್ತಿಲ್ಲ. ಕಾಳು ಅಳೆಯುವಾಗ ಅಜ್ಜಿ 'ಒಂದು' ಎನ್ನದೆ 'ಲಾಭ' ಎಂದು ಶುರು ಮಾಡುತ್ತಿದ್ದರಂತೆ. ಮೊಮ್ಮಗಳು ಇವತ್ತಿಗೂ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವಾಗ ಹಾಗೇ ಎಣಿಸುತ್ತಾರೆ. ಬಡಿದ ಮೊದಲ ರೊಟ್ಟಿ ಮನೆಯವರಿಗಲ್ಲ, ಬಾಗಿಲಿಗೆ ಬಂದವರಿಗೆ. ಇದನ್ನೂ ಬಿಟ್ಟಿಲ್ಲ. ಸಂಕ್ರಾಂತಿ ಬಂತೆಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಹೀಗೆ ಒಬ್ಬರು ಇನ್ನೊಬ್ಬರ ಕೈಯಲ್ಲಿ ಉಳಿದುಬಿಡುತ್ತಾರಲ್ಲ, ಅದಕ್ಕೆ ಸೀರೆ ಬೇಕಾಗಿಲ್ಲ. ಆದರೆ ಸೀರೆಯ ಮಾತು ಎತ್ತಿದ್ದು ನೀವೇ. ಹಾಗಾಗಿ ಸೀರೆಯನ್ನೇ ನೋಡೋಣ.

ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ. 'ಸೊಂಟದ ಮೂಳೆ ಮುರಿದ ಮೇಲೆ ಅಜ್ಜಿ ಮೂರು ವರ್ಷ ಹಾಸಿಗೆಯಲ್ಲೇ ಇದ್ದರು, ಅವ್ವ ನೋಡಿಕೊಂಡಳು.' ಮುಂದಿನ ಸಾಲಿಗೇ ಶೇಂಗಾ ಹೋಳಿಗೆ ಬಂದುಬಿಟ್ಟಿದೆ.

ನೋಡಿ ತಂಗಿ, ಹೋಳಿಗೆಗೆ ಹತ್ತು ಸಾಲು ಕೊಟ್ಟಿದ್ದೀರಿ. ಈ ಮೂರು ವರ್ಷಕ್ಕೆ ಎರಡೇ ಎರಡು ಪದ.

ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗಬಾರದು ಎಂದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಡಾಕ್ಟರು, ನರ್ಸುಗಳು ಹೇಳುತ್ತಾರೆ. ಹಗಲಿಗಷ್ಟೇ ಅಲ್ಲ, ರಾತ್ರಿಗೂ. ದಿನಕ್ಕೆ ಹನ್ನೆರಡು ಸಲ. ಅದರ ನಡುವೆ ಒರೆಸುವುದು, ಒಗೆಯುವುದು, ಉಣಿಸುವುದು. ವಯಸ್ಸಾದವರಿಗೆ ಹಾಕುವ ಡೈಪರ್ ದುಬಾರಿ. ಹಳ್ಳಿಯಲ್ಲಿ ಬೇಕೆಂದಾಗ ಸಿಗುವುದೂ ಇಲ್ಲ. ಹಾಗಾದರೆ ಅಜ್ಜಿಯ ಕೆಳಗೆ ಏನು ಹಾಸಿದ್ದರು?

ಇಳಕಲ್ ಸೀರೆ ನೇಯುವುದು ಹೇಗೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ, ಆ ಸೀಮೆಯವರೇ ನೀವು. ಆದರೂ ನೆನಪಿಸುತ್ತೇನೆ. ಒಡಲಿನ ಹಾಸು, ಅಂದರೆ ಮಗ್ಗದ ಉದ್ದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಹಳೆಯ ಸೀರೆಗಳಲ್ಲಿ ಒಡಲು ಹೆಚ್ಚಾಗಿ ಹತ್ತಿ, ಸೆರಗು ರೇಷ್ಮೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು-ತೆನೆ ಚಿತ್ತಾರ. ವರ್ಷಗಟ್ಟಲೆ ಉಟ್ಟು ಒಗೆದ ಹತ್ತಿಯ ಒಡಲು ಹೂವಿನಷ್ಟು ಮೆತ್ತಗಾಗುತ್ತದೆ, ನೀರು ಬೇಗ ಹೀರುತ್ತದೆ. ತೆಳುವಾದ ಚರ್ಮದ ಮುದುಕಿಯ ಬೆನ್ನಿಗೆ ಅದಕ್ಕಿಂತ ಹಿತವಾದ ಬಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ? ರೇಷ್ಮೆಯ ಸೆರಗು ಆ ಕೆಲಸಕ್ಕೆ ಬರುವುದಿಲ್ಲ.

ನಾನು ನಿಮ್ಮ ಮನೆ ನೋಡಿದವಳಲ್ಲ. ಆದರೂ ನನ್ನ ಊಹೆ ಇಷ್ಟು: ನೀವು ಹುಡುಕುತ್ತಿರುವ ಸೀರೆಗಳು ಒಂದೊಂದಾಗಿ ಅಜ್ಜಿಯ ಕೆಳಗೇ ಹೋಗಿವೆ. ಹರಿಯುವ ಮೊದಲು ಅವ್ವ ಆದಷ್ಟು ಸೆರಗುಗಳನ್ನು ಕತ್ತರಿಸಿ ತೆಗೆದಿಟ್ಟಿದ್ದಾರೆ. ಕಲ್ಲು ಮನಸ್ಸಿನವರು ಸೆರಗನ್ನು ಗಂಟು ಕಟ್ಟಿ ಇಡುವುದಿಲ್ಲ. ಮೂರು ವರ್ಷ ನಿದ್ದೆಗೆಟ್ಟವರು ಕತ್ತರಿ ಹುಡುಕಿಕೊಂಡು ಕೂರುವುದೂ ಇಲ್ಲ, ಹರಿದು ಹಾಸಿಬಿಡುತ್ತಾರೆ. ಇವರು ಕೂತಿದ್ದಾರೆ, ಅದೂ ಒಂಬತ್ತು ಸಲ.

'ಅಜ್ಜಿ ಹೋದಾಗ ಅವ್ವ ಅಳಲೂ ಇಲ್ಲ' ಎಂದು ಬರೆದಿದ್ದೀರಿ. ಅಳದೇ ಇರುವ ಹಕ್ಕು ಅವರಿಗಿದೆ. ಅಜ್ಜಿ ಎಂಬವರು ಮನೆಯಲ್ಲಿ ಒಬ್ಬರೇ ಇರುವುದಿಲ್ಲ. ನಿಮಗೆ ಜಡೆ ಹಾಕಿದ ಅಜ್ಜಿಯೇ ಅವ್ವನಿಗೆ ಅತ್ತೆ. 'ಅವ್ವನ ಜೊತೆ ಸ್ವಲ್ಪ ಖಡಕ್' ಎಂದು ನೀವೇ ಒಪ್ಪಿದ್ದೀರಿ. ಮೊಮ್ಮಗಳು ಒಪ್ಪಿದ 'ಸ್ವಲ್ಪ' ಸೊಸೆಗೆ ಎಷ್ಟಾಗಿತ್ತೋ. ಅಂಥ ಅತ್ತೆಯನ್ನು, ಗಂಡನೂ ಇಲ್ಲದ ಮನೆಯಲ್ಲಿ, ಕೊನೆಯ ದಿನದವರೆಗೆ ಮಗ್ಗುಲು ಬದಲಿಸಿದ್ದಾರೆ. ಪ್ರೀತಿ ಇತ್ತೋ ಇಲ್ಲವೋ, ನನಗೆ ಮುಖ್ಯವಲ್ಲ. ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತೇ ಇದೆ: ಹಾಸಿಗೆ ಬಟ್ಟೆ ಒಗೆದವರದ್ದೇ ಮೊದಲ ಮಾತು. ಉಳಿದವರು ಆಮೇಲೆ.

ಇನ್ನು ಕಾಕಾ. ಪತ್ರದಲ್ಲಿ ಅವರು ಮೂರೇ ಕಡೆ ಬರುತ್ತಾರೆ: ದೀಪಾವಳಿಗೆ, ಮಣ್ಣಿಗೆ, ಬಂಗಾರಕ್ಕೆ. ಹಾಸಿಗೆ ಹಿಡಿದಿದ್ದು ಅವರನ್ನು ಹೆತ್ತ ತಾಯಿ. ಮೂರು ವರ್ಷದಲ್ಲಿ ಒಂದು ತಿಂಗಳಾದರೂ ಪುಣೆಗೆ ಕರೆದುಕೊಂಡು ಹೋದರಾ? ಒಬ್ಬ ಆಯಾಳ ಸಂಬಳ ಕಳಿಸಿದರಾ? ಕಳಿಸಿದ್ದರೆ ನೀವು ಬರೆಯುತ್ತಿದ್ದಿರಿ. ಆದರೆ ಟ್ರಂಕಿನಲ್ಲಿ ಎಷ್ಟು ಸೀರೆ ಇದ್ದವು ಎನ್ನುವ ಲೆಕ್ಕ ಮಾತ್ರ ಪಕ್ಕಾ. ದೂರದಲ್ಲಿ ಕೂತು ಮನೆಯ ಸುದ್ದಿ ಮುಟ್ಟಿಸುವ ನೆಂಟರ ಫೋನು ಎತ್ತಬೇಡಿ ಎಂದು ಬರೆದು ಬರೆದು ನನ್ನ ಕೈ ಸೋತಿದೆ. ಯಾರೂ ಕೇಳುವುದಿಲ್ಲ.

ಆದರೆ ಬಂಗಾರದ ವಿಷಯದಲ್ಲಿ ಕಾಕಾ ಹೇಳುತ್ತಿರುವ ಲೆಕ್ಕ ಕಾನೂನಿನ ಪ್ರಕಾರ ಸರಿಯೇ. ಅದೇ ನನ್ನ ಹೊಟ್ಟೆ ಉರಿಸಿದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ನೋಡಿ. ಹೆಂಗಸು ಉಯಿಲು ಬರೆಯದೆ ಹೋದರೆ ಅವಳ ಆಸ್ತಿ ಮೊದಲು ಗಂಡನಿಗೆ, ಗಂಡು-ಹೆಣ್ಣು ಮಕ್ಕಳಿಗೆ. ಮಕ್ಕಳಲ್ಲಿ ಯಾರಾದರೂ ಮೊದಲೇ ತೀರಿಕೊಂಡಿದ್ದರೆ ಆ ಪಾಲು ಅವರ ಮಕ್ಕಳಿಗೆ. ಅಜ್ಜ ಈಗಿಲ್ಲ, ಇದ್ದಿದ್ದು ಇಬ್ಬರೇ ಗಂಡುಮಕ್ಕಳು. ಹಾಗಾಗಿ ಅರ್ಧ ಕಾಕಾಗೆ, ನಿಮ್ಮಪ್ಪನ ಅರ್ಧ ನಿಮಗೆ. ವಿಧವೆ ಸೊಸೆ ಆ ಸಾಲಿನಲ್ಲೇ ಇಲ್ಲ. 38 ವರ್ಷ ಅದೇ ಮನೆಯಲ್ಲಿ ದುಡಿದವರಿಗೆ ಒಂದು ಗುಂಡೂ ಇಲ್ಲ. ಪುಣೆಯಿಂದ ಫೋನ್ ಮಾಡಿದವರಿಗೆ ಪಾಟಲಿ.

ಇನ್ನೊಂದು ಕೊರಗು ಹೇಳಿಕೊಂಡಿದ್ದೀರಿ. ಅಜ್ಜಿಯ ಬೀಸುವ ಪದಗಳಲ್ಲಿ ಒಂದರ ಮೊದಲ ಸಾಲು ಮಾತ್ರ ನೆನಪಿದೆ, ಉಳಿದವು ಅಜ್ಜಿಯ ಜೊತೆಗೇ ಹೋದವು ಅಂತ. ಹಿಟ್ಟಿನ ಗಿರಣಿ ಬಂದ ಮೇಲೂ ಬೇಳೆ ಒಡೆಯಲು ನಿಮ್ಮ ಮನೆಯಲ್ಲಿ ಬೀಸುಕಲ್ಲು ಇತ್ತು ಎಂದಿದ್ದೀರಿ. ಅಜ್ಜಿ ಎದುರಿಗೆ ಕೂತು ಗೂಟ ಹಿಡಿಯುತ್ತಿದ್ದವರು ಯಾರು? ಬೀಸುವ ಪದ ಹೆಚ್ಚಾಗಿ ಇಬ್ಬರು ಸೇರಿ ಹೇಳುವ ಹಾಡು. ಅತ್ತೆಯನ್ನು ಆಡಿಕೊಳ್ಳುವ ತ್ರಿಪದಿಗಳನ್ನು ಅತ್ತೆಯ ಎದುರಿಗೇ ಕೂತು ಹೇಳಿದ ಸೊಸೆಯರು ನಮ್ಮ ಕಡೆ ಎಷ್ಟು ಜನ! ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಕವಿ ಮಧುರಚೆನ್ನರೂ ಅವರ ಗೆಳೆಯರೂ ಇಂಥ ಹಾಡು ಕೂಡಿಸಿದ್ದು ಹೆಣ್ಣುಮಕ್ಕಳ ಬಾಯಿಂದ ಕೇಳಿಯೇ. ನಿಮಗೆ ಅಷ್ಟು ತಿರುಗಾಟವೂ ಬೇಡ. ಅಜ್ಜಿಯ ಜೊತೆ ನೀವು ಕಳೆದಿದ್ದಕ್ಕಿಂತ ಜಾಸ್ತಿ ವರ್ಷ ಕಳೆದವರು ಇನ್ನೂ ಆ ಮನೆಯಲ್ಲೇ ಇದ್ದಾರೆ, ನಿಮ್ಮ ಫೋನಿಗೆ ಕಾಯುತ್ತಾ.

ಹೇಗೆ ಕ್ಷಮಿಸಲಿ ಎಂದು ಕೇಳಿದಿರಿ. ಕ್ಷಮಿಸುವ ಕುರ್ಚಿಯಲ್ಲಿ ನಿಮ್ಮನ್ನು ಕೂರಿಸಿದವರು ಯಾರು? ಇಳಿಯಿರಿ.

ಮಾಡಬೇಕಾದ್ದು ಒಂದೇ. ಪಾಲು ಬೇಡ ಎಂದು ದೊಡ್ಡ ಮನಸ್ಸು ತೋರಿಸಲು ಹೋಗಬೇಡಿ, ಅದು ಕಾಕಾಗೆ ಹೋಗುತ್ತದೆ. ನಿಮ್ಮ ಅರ್ಧವನ್ನು ಪೂರ್ತಿ ತಗೊಳ್ಳಿ. ತಗೊಂಡು ಅದೇ ದಿನ ಊರಿಗೆ ಹೋಗಿ ಅವ್ವನ ಕೈಗೆ ಹಾಕಿ. ಬಂಗಾರ ಕೊಡುವುದಕ್ಕೆ ನೋಂದಣಿ ಬೇಕಿಲ್ಲ, ಒಪ್ಪಿಸಿದರೆ ಸಾಕು. 'ನಾ ಹಾಕ್ಕೊಂಡು ಎಲ್ಲಿ ಹೋಗ್ಲಿ' ಎನ್ನುತ್ತಾರೆ, ಕಿವಿಗೊಡಬೇಡಿ. ಸೀರೆಯ ಮಾತು ಎತ್ತಲೇಬೇಡಿ, ಸೆರಗಿನ ಗಂಟನ್ನು ಕೇಳಬೇಡಿ. ಸೆರಗಿಗೆ ಫ್ರೇಮ್ ಹಾಕಿಸಿ ಬೆಂಗಳೂರಿನ ಗೋಡೆಗೆ ತೂಗುಹಾಕುವ ಯೋಚನೆ ಇದ್ದರೆ ಕೈಬಿಡಿ. ಅದನ್ನು ಏನು ಮಾಡಬೇಕೆಂದು ಅವ್ವನಿಗೆ ಗೊತ್ತಿದೆ, ಹೇಳಬೇಕೆನಿಸಿದಾಗ ಹೇಳುತ್ತಾರೆ.

ಪಾಲು ಮಾಡುವ ದಿನ ತೂಕದ ಸಮೇತ ಕಾಗದದ ಮೇಲೆ ಬರೆಸಿ, ಕಾಕಾರ ಸಹಿ ಹಾಕಿಸಿಕೊಳ್ಳಿ. ಆಮೇಲೆ ಅವರು ಪುಣೆಯಿಂದ ಫೋನ್ ಮಾಡಿದರೆ ಮಳೆ-ಬೆಳೆ ಮಾತಾಡಿ. 'ನಿಮ್ಮವ್ವ...' ಎಂದು ಶುರು ಮಾಡಿದರೆ ಇಟ್ಟುಬಿಡಿ.