ಎರೆ ಮಣ್ಣಿನಲ್ಲಿ ಸೀಡಂ: ನೀರು ಹೆಚ್ಚಿಸಬೇಡಿ ತಂಗಿ

ತಂಗಿ, ನಿಮ್ಮ ಅಂಗಳದ ಚಿತ್ರ ನೋಡಿ ಕೈಯಲ್ಲಿದ್ದ ಚಹಾ ಅಲ್ಲಿಗೇ ಇಟ್ಟು ಬರೆಯಲು ಕುಳಿತೆ. ಮೃಗಶಿರಾ ಮಳೆ ಬಿದ್ದ ವಾರದಲ್ಲಿ ಎರೆ ಮಣ್ಣಿಗೆ ಎರೆಹುಳು ಗೊಬ್ಬರ ಬೆರೆಸಿ, ಕಾಲುದಾರಿಯ ಎರಡೂ ಬದಿಗೆ 60 ಸೀಡಂ (ದಪ್ಪ ಎಲೆಯಲ್ಲಿ ನೀರು ಹಿಡಿದಿಡುವ ಸಕ್ಯುಲೆಂಟ್ ಗಿಡ) ಸಸಿ ನೆಟ್ಟಿದ್ದೀರಿ. ಈಗ ಎಲೆ ಸುಕ್ಕುಗಟ್ಟುತ್ತಿದೆ, ನೀರು ಹೆಚ್ಚಿಸಲೇ ಎಂದು ಕೇಳಿದ್ದೀರಿ. ನಿಮ್ಮ ಚಿತ್ರದ ಕೆಳಗೆ ಮೂವರು ಬೆಳಗ್ಗೆ ಸಂಜೆ ಎರಡೂ ಹೊತ್ತು ಹಾಕಿ ಎಂದು ಬರೆದಿದ್ದಾರೆ. ಒಂದು ತಂಬಿಗೆ ನೀರನ್ನೂ ಹಾಕಬೇಡಿ. ಇದೇ ತಪ್ಪನ್ನು ಇದೇ ಕಲಬುರಗಿಯ ಮಣ್ಣಿನಲ್ಲಿ, ಇದೇ ತಿಂಗಳಲ್ಲಿ ನಾನು ಮಾಡಿದ್ದೇನೆ. (ನಮ್ಮ ಸೇಡಂ ಊರಿನ ಹೆಸರಿನೊಂದಿಗೆ ಬೆರೆಯದಿರಲಿ ಎಂದು ಸೀಡಂ ಎಂದೇ ಬರೆಯುತ್ತೇನೆ.)

ಮೊದಲು ಒಂದು ಗಿಡದ ಬುಡ ಹಿಡಿದು ಮೆಲ್ಲಗೆ ಎಳೆಯಿರಿ. ಬಾಯಾರಿದ ಸೀಡಂ ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತದೆ. ಎಲೆ ಸುಕ್ಕಾದರೂ ಬಣ್ಣ ಮಾಸಿರುವುದಿಲ್ಲ, ತಟ್ಟಿದರೆ ಉದುರುವುದಿಲ್ಲ. ಕೊಳೆತದ್ದು ಎಳೆದ ಕೂಡಲೇ ಕೈಗೆ ಬರುತ್ತದೆ. ಬುಡ ಕಪ್ಪಾಗಿ ಮೆತ್ತಗಾಗಿರುತ್ತದೆ, ಕೆಳಗಿನ ಎಲೆಗಳು ಬೇಯಿಸಿದ ಅವರೆಕಾಳಿನ ಸಿಪ್ಪೆಯ ಹಾಗೆ ಆಚೆ ಬದಿ ಕಾಣುವಷ್ಟು ತೆಳುವಾಗಿ, ಬೆರಳು ತಾಗಿದರೆ ಸಾಕು ಬೀಳುತ್ತವೆ. ನಿಮ್ಮ ಎರಡನೆಯ ಚಿತ್ರದಲ್ಲಿ ಅಂಥ ಎಲೆಗಳು ನೆಲದ ಮೇಲೆ ಬಿದ್ದಿವೆ. ಬೇರು ಕೊಳೆತ ಮೇಲೆ ನೀರು ಹೀರಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಒದ್ದೆ ಮಣ್ಣಿನಲ್ಲಿ ನಿಂತೇ ತುದಿ ಸೊರಗುತ್ತದೆ. ಅದನ್ನು ನೋಡಿದವರು ಬಾಯಾರಿಕೆ ಎಂದುಕೊಂಡು ಮತ್ತೆ ನೀರು ಸುರಿಯುತ್ತಾರೆ.

2019ರಲ್ಲಿ ನಾನು ಸುರಿದದ್ದೂ ಹೀಗೆಯೇ. ಬರಕ್ಕೆ ಬಗ್ಗದ ಗಿಡ ಎಂದು ಓದಿದ್ದೆ. ಬರ ತಾಳುವ ಗಿಡ ಎಂಥ ಮಣ್ಣನ್ನಾದರೂ ತಾಳೀತು ಎಂದು ನನಗೆ ನಾನೇ ಸೇರಿಸಿಕೊಂಡಿದ್ದೆ. ಜೂನ್, ಜುಲೈ ಚೆನ್ನಾಗಿಯೇ ಹಬ್ಬಿತು, ಅಕ್ಕಪಕ್ಕದವರು ಬಂದು ತುಂಡು ಕೇಳಿದರು. ಉತ್ತರಾ ಮಳೆ ಹಿಡಿದುಕೊಂಡಿತು ನೋಡಿ, ನಾಲ್ಕು ದಿನ ಬಿಸಿಲಿಲ್ಲ. ಐದನೆಯ ದಿನ ಅಂಗಳಕ್ಕೆ ಇಳಿದರೆ ಹಳಸಿದ ಸಾರಿನ ವಾಸನೆ. ಒಂದು ಬದಿಯ ಸಾಲು ಪೂರ್ತಿ ಲೋಳೆಯಾಗಿತ್ತು. ಉಳಿದ ಇನ್ನೊಂದು ಬದಿಯನ್ನು ಕಷ್ಟಪಟ್ಟು ಬೇಸಿಗೆಯವರೆಗೆ ಎಳೆದೆ. ಏಪ್ರಿಲ್‌ನಲ್ಲಿ ಮಣ್ಣು ಬಿರಿಯಿತು. ಎರಡು ಬೆರಳು ಹೋಗುವ ಬಿರುಕಿನೊಳಗೆ ಬಗ್ಗಿ ನೋಡಿದರೆ ಬಿಳಿ ಬೇರುಗಳು ಹರಿದ ದಾರದಂತೆ ಎರಡೂ ಗೋಡೆಗೆ ಜೋತು ಬಿದ್ದಿದ್ದವು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇರಿನ ಉಸಿರು ಕಟ್ಟುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬೇರನ್ನೇ ಹರಿಯುತ್ತದೆ. ಸೀಡಂ ಬೇರು ಮೇಲಿನ ಮೂರು ನಾಲ್ಕು ಅಂಗುಲದಲ್ಲೇ ಇರುವುದರಿಂದ ಅದಕ್ಕೆ ಆಳಕ್ಕಿಳಿದು ತಪ್ಪಿಸಿಕೊಳ್ಳುವ ದಾರಿಯಿಲ್ಲ. ತೊಗರಿ ಹೊಲದ ತಗ್ಗಿನಲ್ಲಿ ನೀರು ನಿಂತರೆ ಏನಾಗುತ್ತದೆ ಎಂದು ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಹೊಲದಲ್ಲಿ ಗೊತ್ತಿರುವುದನ್ನು ಅಂಗಳದಲ್ಲಿ ಏಕೆ ಮರೆಯುತ್ತೇವೆ?

ಮರುವರ್ಷ ಇನ್ನೊಂದು ತಪ್ಪು ಮಾಡಿದೆ. ಅದನ್ನು ನೀವು ಮುಂದೆ ಮಾಡಬಹುದು ಎಂಬ ಭಯಕ್ಕೇ ಇಷ್ಟು ಬರೆಯುತ್ತಿದ್ದೇನೆ. ಒಂದು ಅಡಿ ಆಳ ಅಗೆದು, ಎರೆ ಮಣ್ಣು ತೆಗೆದು, ಆ ಗುಂಡಿಗೆ ಗರಸು, ಮರಳು ತುಂಬಿ ನೆಟ್ಟೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿದ ವಾರ ನೆನಪಿರಬೇಕಲ್ಲ? ಸುತ್ತಲಿನ ನೀರೆಲ್ಲ ಆ ಗುಂಡಿಗೇ ಇಳಿಯಿತು. ಕೆಳಗೂ ಬದಿಗೂ ಎರೆ ಮಣ್ಣಿನ ಗೋಡೆ, ಹೊರಗೆ ಹೋಗಲು ಜಾಗವೇ ಇಲ್ಲ. ಗರಸಿನೊಳಗೆ ಕೈ ತೂರಿಸಿದರೆ ಮಣಿಕಟ್ಟಿನವರೆಗೆ ನೀರು. ಹಾಗಾಗಿ ಅಗೆಯಬೇಡಿ, ನೆಲದ ಮೇಲೆ ಏರಿಸಿ. ಒಂದೆರಡು ಬುಟ್ಟಿ ಮರಳನ್ನು ಎರೆ ಮಣ್ಣಿಗೆ ಬೆರೆಸಿದರೆ ಸಡಿಲಾಗುತ್ತದೆ ಎಂದು ಇಲ್ಲಿ ಪದೇ ಪದೇ ಬರೆಯುವವರೂ ದಯವಿಟ್ಟು ನಿಲ್ಲಿಸಬೇಕು. ಒಣಗಿದ ಮೇಲೆ ಅದು ಗೋಡೆಗೆ ಮೆತ್ತಿದ ಗಿಲಾವಿನಂತೆ ಗಟ್ಟಿಯಾಗುತ್ತದೆ.

ಬೀದರಿನವರಿಗೆ ಈ ಗೋಳು ಅಷ್ಟಿಲ್ಲ. ನನ್ನ ತವರು ಅಲ್ಲೇ. ಅಲ್ಲಿಯ ಜಂಬಿಟ್ಟಿಗೆ ನೆಲ ಮಳೆನೀರನ್ನು ಕುಡಿದು ಕೆಳಕ್ಕೆ ಬಿಟ್ಟುಬಿಡುತ್ತದೆ. ಹಾಗೆ ಇಳಿದ ನೀರನ್ನೇ ಹಿಡಿಯಲು ಬಹಮನಿ ಕಾಲದಲ್ಲಿ ಕರೇಜ್ ಸುರಂಗ ಕೊರೆದರು. ಅಲ್ಲಿರುವ ನನ್ನ ಒಡಹುಟ್ಟಿದ ತಂಗಿಯ ಮನೆಯಲ್ಲಿ ಗೋಡೆ ಬದಿಗೆ ಸುಮ್ಮನೆ ಎಸೆದ ಸೀಡಂ ತುಂಡು ಬೇರು ಬಿಟ್ಟು ಚಾಪೆಯಂತೆ ಹಾಸಿಕೊಂಡಿದೆ. ಊರು ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿಯೂ ಇಲ್ಲಿಗಿಂತ ತಂಪು. ಬೀದರಿನವರು ಕೊಡುವ ಸಲಹೆಯನ್ನು ಕಲಬುರಗಿ, ಯಾದಗಿರಿಯವರು ಹಾಗೆಯೇ ಪಾಲಿಸಬೇಡಿ. ಬೀದರ್ ಜಿಲ್ಲೆಯಲ್ಲೂ ಎರೆ ಹೊಲಗಳಿವೆ, ಅಲ್ಲಿಯವರು ನನ್ನ ಸಾಲಿಗೇ ಸೇರುತ್ತಾರೆ.

ನನಗೆ ಫಲ ಕೊಟ್ಟದ್ದು ಫರಸಿ ಮಡಿ, ಅಂದರೆ ಹಾಸುಗಲ್ಲಿನ ಅಂಚು ಕಟ್ಟಿ ನೆಲದ ಮೇಲೆ ಏರಿಸಿದ ಮಡಿ. ಶಹಾಬಾದ್ ಫರಸಿ ಕೊಯ್ಯುವಲ್ಲಿ ಅಂಚಿನ ತುಂಡುಗಳು ರಾಶಿ ಬಿದ್ದಿರುತ್ತವೆ, ಕೇಳಿದರೆ ಸಾಗಣೆ ಖರ್ಚಿಗೆ ಕೊಡುತ್ತಾರೆ. ಒಂದು ಅಡಿ ಅಗಲದ ತುಂಡುಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಿ, ಮೂರು ಅಂಗುಲ ನೆಲದೊಳಗೆ ಹೂತು, ಒಂದು ಗೇಣು ಮೇಲೆ ಬಿಡಿ. ಸಂದಿಗೆ ಸಿಮೆಂಟ್ ಬಳಿಯಲೇಬೇಡಿ, ನೀರು ಹೊರಬೀಳುವುದು ಅಲ್ಲಿಂದಲೇ. ಒಳಗಿನ ನೆಲವನ್ನು ಅಗೆಯದೆ, ಮನೆಯಿಂದ ಹೊರಕ್ಕೆ ಇಳಿಜಾರು ಬರುವಂತೆ ಬಡಿದು ಗಟ್ಟಿ ಮಾಡಿ. ಅದರ ಮೇಲೆ ಆರು ಬುಟ್ಟಿ ಗರಸು, ಮೂರು ಬುಟ್ಟಿ ಇಟ್ಟಿಗೆ ನುಚ್ಚು, ಒಂದು ಬುಟ್ಟಿ ಹಳೆಯ ತಿಪ್ಪೆ ಗೊಬ್ಬರ ಬೆರೆಸಿ ತುಂಬಿ. ಗರಸನ್ನು ಜರಡಿ ಹಿಡಿದು ಧೂಳು ತೆಗೆಯುವುದು ಬೇಸರದ ಕೆಲಸ, ಆದರೂ ಬಿಡಬೇಡಿ. ಧೂಳು ಉಳಿದರೆ ಎರಡು ಮಳೆಗೆ ಮೇಲೆ ಹೆಪ್ಪುಗಟ್ಟುತ್ತದೆ. ಹಸಿ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿ ಬೆರಳು ಬಿಚ್ಚಿ. ಉಂಡೆಯಾಗಿ ನಿಂತರೆ ಇನ್ನೊಂದು ಬುಟ್ಟಿ ಇಟ್ಟಿಗೆ ನುಚ್ಚು ಸೇರಿಸಿ, ಉದುರಿದರೆ ಸರಿಯಿದೆ. ಗೊಬ್ಬರ ಇಷ್ಟು ಕಡಿಮೆಯೇ ಎಂದು ಕೇಳಬೇಡಿ. ಯುರೋಪಿನಲ್ಲಿ ತಾರಸಿಯ ಮೇಲೆ ಮೂರು ನಾಲ್ಕು ಅಂಗುಲ ಕಲ್ಲುನುಚ್ಚಿನಲ್ಲಿ ಇದನ್ನೇ ಹಾಸುತ್ತಾರೆ. ಗೊಬ್ಬರ ಹೆಚ್ಚಾದರೆ ಸೀಡಂ ಉದ್ದ ಬೆಳೆದು, ನೀರು ತುಂಬಿಕೊಂಡು, ಮೊದಲ ಜಡಿಮಳೆಗೆ ಮಲಗುತ್ತದೆ.

ಫರಸಿಯದೂ ಒಂದು ಕೆಡುಕಿದೆ. ಪಶ್ಚಿಮದ ಬಿಸಿಲಿಗೆ ಕಾದ ಕಲ್ಲು ರಾತ್ರಿ ಒಂಬತ್ತಕ್ಕೂ ಮುಟ್ಟಲಾಗದಷ್ಟು ಬಿಸಿ ಇರುತ್ತದೆ. ಆ ಅಂಚಿನಿಂದ ನಾಲ್ಕು ಅಂಗುಲ ಬಿಟ್ಟು ನೆಡಿ, ಹೊರಗೆ ಲೋಳೆಸರದ ಸಾಲು ಹಾಕಿ.

ನೆಡುವುದು ಮಳೆಗಾಲ ಮುಗಿದ ಮೇಲೆ. ಚಿತ್ತಾ ಮಳೆ ಹೋಗಲಿ, ದೀಪಾವಳಿಯ ಆಸುಪಾಸು ನೆಡಿ. ಚಳಿಗಾಲದ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ನನ್ನದು ಎಳ್ಳಮಾವಾಸ್ಯೆಗೆ ಕಲ್ಲು ಕಾಣದಂತೆ ಮುಚ್ಚಿಕೊಂಡಿತ್ತು. 60 ಸಸಿ ದುಡ್ಡು ಕೊಟ್ಟು ತರುವ ಅಗತ್ಯವೂ ಇರಲಿಲ್ಲ. ಹತ್ತು ಗಿಡ ತಂದು ಎರಡೆರಡು ಅಂಗುಲದ ತುಂಡು ಮಾಡಿ, ನೆರಳಿನಲ್ಲಿ ಮೂರು ದಿನ ಗಾಯ ಒಣಗಿಸಿ, ಒಂದೊಂದು ಚೋಟು ಬಿಟ್ಟು ಚುಚ್ಚಿದರೆ ಸಾಕು. ನೆಟ್ಟ ದಿನ ನೀರಿಲ್ಲ, ಐದನೆಯ ದಿನ ಮೊದಲ ನೀರು. ಬೇರು ಬರಿಸುವ ಪುಡಿಗೆ ದುಡ್ಡು ಹಾಳು ಮಾಡಬೇಡಿ. ಆನ್‌ಲೈನ್‌ನಲ್ಲಿ ಸಕ್ಯುಲೆಂಟ್ ಮಿಶ್ರಣ ಎಂದು ಬರುವ ಚೀಲ ಒಮ್ಮೆ ತರಿಸಿದ್ದೆ, ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ. ನಮ್ಮ ಮಳೆಗಾಲದಲ್ಲಿ ಅದು ಒದ್ದೆ ಬಟ್ಟೆ ಹೊದಿಸಿದ ಹಾಗೆ.

ಇನ್ನು ಬೇಸಿಗೆ. ಸೀಡಂ ನೀರಿನ ಕೊರತೆಯಾದಾಗ ಹಗಲು ಎಲೆಯ ರಂಧ್ರ ಮುಚ್ಚಿ, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೆ ರಾತ್ರಿ ತಂಪಾಗಬೇಕು. ಮೇ ತಿಂಗಳಲ್ಲಿ ಹಗಲು 42 ಡಿಗ್ರಿ ದಾಟುವ ನಮ್ಮಲ್ಲಿ ರಾತ್ರಿಯೂ ಕಾವು ಇಳಿಯುವುದಿಲ್ಲ, ಗಿಡಕ್ಕೆ ಬಿಡುವೇ ಸಿಗುವುದಿಲ್ಲ. ಹೋಳಿಯ ಬೆನ್ನಿಗೆ ಬರುವ ಶರಣಬಸವೇಶ್ವರ ಜಾತ್ರೆ ಮುಗಿದ ವಾರ ನಾನು ಮಡಿಯ ಮೇಲೆ ಎರಡು ಅಡಿ ಎತ್ತರದಲ್ಲಿ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟುತ್ತೇನೆ. ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ, ಮಧ್ಯಾಹ್ನದ್ದು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಗಾಳಿಯೂ ಆಡುತ್ತದೆ. ಹಸಿರು ಬಲೆ ಬೇಕೆನ್ನುವವರು ಶೇ 50 ನೆರಳು ಕೊಡುವುದನ್ನು ತನ್ನಿ, ಶೇ 75ರದ್ದರ ಕೆಳಗೆ ಸೀಡಂ ಬಿಳಿಚಿಕೊಳ್ಳುತ್ತದೆ. ಅಗ್ಗದ ಬಲೆ ನನ್ನಲ್ಲಿ ಒಂದೇ ಬೇಸಿಗೆಗೆ ಚಿಂದಿಯಾಯಿತು. ರೋಹಿಣಿ ಮಳೆ ಬಿದ್ದ ಮೇಲೆ ತಟ್ಟಿ ತೆಗೆಯಲು ಮರೆಯಬೇಡಿ. ಆ ಕಾಲದಲ್ಲಿ ನೀರು ಎಂಟು ದಿನಕ್ಕೊಮ್ಮೆ, ಸೂರ್ಯ ಮುಳುಗಿ ಕಲ್ಲು ಆರಿದ ಮೇಲೆ, ಒಮ್ಮೆ ತಳದವರೆಗೆ ನೆನೆಯುವಂತೆ.

ಕೂಲರ್ ತೊಟ್ಟಿಯಲ್ಲಿ ಉಳಿದ ನೀರನ್ನು ಗಿಡಕ್ಕೆ ಚೆಲ್ಲುವುದು ನಮ್ಮೂರಿನ ಪ್ರತಿ ಮನೆಯ ಅಭ್ಯಾಸ. ಕೊಳವೆಬಾವಿಯ ಗಡಸು ನೀರು ಇಡೀ ದಿನ ಆವಿಯಾಗಿ, ಉಪ್ಪು ಮಾತ್ರ ತೊಟ್ಟಿಯಲ್ಲಿ ದಟ್ಟವಾಗಿರುತ್ತದೆ. ಕೂಲರ್ ಹುಲ್ಲಿನ ಮೇಲೆ ಕಟ್ಟುವ ಬಿಳಿ ಪೊರೆಯೇ ಸಾಕ್ಷಿ. ಆರ್‌ಓ ಯಂತ್ರ ಹೊರಚೆಲ್ಲುವ ನೀರೂ ಹಾಗೆಯೇ. ಅದರಿಂದ ಬಚ್ಚಲು ತೊಳೆಯಿರಿ, ಸೀಡಂಗೆ ಬೇಡ.

ತಳಿಯ ವಿಚಾರ. ನನ್ನಲ್ಲಿ ಬದುಕಿದ್ದು ಸೀಡಂ ಮೆಕ್ಸಿಕಾನಂ, ಸಣ್ಣ ಸೂಜಿಯಂಥ ತಿಳಿಹಸಿರು ಎಲೆ, ಹಳದಿ ಹೂ. ಹೊಂಬಣ್ಣದ ಏಂಜಲಿನಾ ಚಿತ್ರದಲ್ಲಿ ಎಲ್ಲಕ್ಕಿಂತ ಚೆಂದ, ಆದರೆ ಅದರ ಮೂಲ ಯುರೋಪ್. ನನ್ನಲ್ಲಿ ಎರಡು ಸಲವೂ ಜೂನ್ ಕಾಣಲಿಲ್ಲ. ಜಡೆಯಂತೆ ಇಳಿಬೀಳುವ ಬರೋಸ್ ಟೇಲ್ ಕೂಡ ಸೀಡಂ ಜಾತಿಯೇ, ಆದರೆ ಅದು ತೂಗುಕುಂಡದ ಗಿಡ. ಯಾವುದೇ ಸೀಡಂ ಇರಲಿ, ಹುಲ್ಲುಹಾಸಿನಂತೆ ತುಳಿದರೆ ಉಳಿಯುವುದಿಲ್ಲ, ಮಕ್ಕಳು ಓಡಾಡುವಲ್ಲಿ ಹಾಕಬೇಡಿ. ಜೇಕು, ಗರಿಕೆ ಇರುವ ನೆಲವಾದರೆ ಮಡಿ ಕಟ್ಟುವ ಮೊದಲೇ ಗಡ್ಡೆಸಹಿತ ತೆಗೆಯಿರಿ. ಸೀಡಂ ಸಣ್ಣಪುಟ್ಟ ಕಳೆಯನ್ನು ಅಡಗಿಸುತ್ತದೆ, ಜೇಕನ್ನು ಅಡಗಿಸಲಾರದು. ಇಡೀ ದಿನ ಬಿಸಿಲು ಬೀಳುವ, ನೆರಳು ಕಟ್ಟಲಾಗದ ಜಾಗಕ್ಕೆ ಟೇಬಲ್ ರೋಸ್ ಹಾಕಿಬಿಡಿ.

ಔಷಧಿ ಕೇಳಿದ್ದೀರಿ. ಸಾಫ್ ಎಂಬ ಶಿಲೀಂಧ್ರನಾಶಕ ಪುಡಿ ಒಂದು ಲೀಟರ್ ನೀರಿಗೆ 2 ಗ್ರಾಂ ಬೆರೆಸಿ, ಕೈಗವಸು ತೊಟ್ಟು, ತುಂಡುಗಳನ್ನು ಹತ್ತು ನಿಮಿಷ ಅದ್ದಿ ಒಣಗಿಸಬಹುದು. ನಾನು ಮಾಡುತ್ತೇನೆ. ಆದರೆ ನೀರು ನಿಲ್ಲುವ ಜಾಗಕ್ಕೆ ಯಾವ ಪುಡಿಯೂ ಉತ್ತರವಲ್ಲ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕುವವರು ಸಾಫ್ ಜೊತೆಗೆ ಹಾಕಬೇಡಿ, ಸಾಫ್ ಅದನ್ನು ಕೊಲ್ಲುತ್ತದೆ. ಹಿಟ್ಟು ತಿಗಣೆ ಬಂದರೆ ಹತ್ತಿಗೆ ಸ್ಪಿರಿಟ್ ತಾಗಿಸಿ ಒರೆಸಿ. ಬಿಸಿಲಲ್ಲಿ ಬೇವಿನೆಣ್ಣೆ ಸಿಂಪಡಿಸಿದರೆ ಎಲೆಯ ಮೇಲಿನ ಬೂದಿ ಪೊರೆ ಹೋಗಿ ಸುಟ್ಟ ಕಲೆ ಬೀಳುತ್ತದೆ.

ಈಗ ನಿಮ್ಮ 60 ಗಿಡ. ಇವತ್ತೇ ಎಲ್ಲವನ್ನೂ ಕೀಳಿ. ಕಾಂಡವನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತ ಬನ್ನಿ. ಒಳಗೆ ಹಸಿರು ಬಿಳುಪು ಇದ್ದಷ್ಟು ಇಟ್ಟುಕೊಳ್ಳಿ, ಕಂದು ಚುಕ್ಕೆ ಕಂಡಲ್ಲಿಂದ ಕೆಳಗಿನದನ್ನು ಎಸೆಯಿರಿ, ಗೊಬ್ಬರದ ಗುಂಡಿಗೂ ಬೇಡ. ಪ್ರತಿ ಸಲ ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ. ನನ್ನ ಫಾಲ್ಕನ್ ಕತ್ತರಿ ಹತ್ತು ವರ್ಷದಿಂದ ಹರಿತ ಕೆಟ್ಟಿಲ್ಲ, ಜಜ್ಜದೆ ಕೊಯ್ಯುತ್ತದೆ. ತುದಿಗಳನ್ನು ಮನೆಯೊಳಗೆ ಪತ್ರಿಕೆಯ ಮೇಲೆ ಹರಡಿ, ಮಳೆಗಾಲದ ತೇವವಿರುವುದರಿಂದ ಐದು ದಿನ ಬಿಡಿ. ಆಮೇಲೆ ತೂತಿರುವ ಅಗಲ ಟ್ರೇಯಲ್ಲಿ ಬರೀ ಗರಸು ತುಂಬಿ ಚುಚ್ಚಿ, ಮಳೆ ಬೀಳದ ಪಡಸಾಲೆಯ ಅಂಚಿನಲ್ಲಿ ಇಡಿ. 20 ಉಳಿದರೂ ದೀಪಾವಳಿಗೆ ಮಡಿಗೆ ಸಾಕಾಗುತ್ತದೆ. ಕಡಿಮೆ ಬಿದ್ದರೆ ನಮ್ಮ ಮನೆಗೆ ಬನ್ನಿ, ಬೇಕಾದಷ್ಟು ತುಂಡು ಕೊಡುತ್ತೇನೆ. ಬರುವಾಗ ರಟ್ಟಿನ ಡಬ್ಬಿ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ. ಅದರೊಳಗೆ ಮನೆ ಮುಟ್ಟುವಷ್ಟರಲ್ಲಿ ಬೆವರಿಬಿಡುತ್ತವೆ.