ಕತ್ತರಿ ಬೇಡ, ಬಿಸಿಲು ಸಾಕು

ಪತ್ರ: ಸಸ್ಯವಿಜ್ಞಾನಿಯಾಗಿದ್ದ ನನ್ನ ತಂದೆ ಟಿಪ್ಪಣಿ ಪುಸ್ತಕಗಳನ್ನೂ ಒಣಗಿಸಿದ ಜರೀಗಿಡಗಳ ಪೆಟ್ಟಿಗೆಯನ್ನೂ ಬಿಟ್ಟು ಹೋಗಿದ್ದಾರೆ. ನಾನು ಚಿತ್ರ ಬರೆಯುವವಳು. ಆ ಪುಟಗಳನ್ನೇ ಕತ್ತರಿಸಿ, ಅಂಟಿಸಿ ಅವರ ನೆನಪಿಗೆ ಒಂದು ಪ್ರದರ್ಶನ ಮಾಡಬೇಕೆಂದಿದ್ದೇನೆ. ಅಣ್ಣ ಬೇಡವೆನ್ನುತ್ತಾನೆ. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ: ಪ್ರದರ್ಶನ ಖಂಡಿತ ಮಾಡಿ. ಕತ್ತರಿಯನ್ನು ಮಾತ್ರ ದಯವಿಟ್ಟು ಕೆಳಗಿಡಿ. ಇದೊಂದರಲ್ಲಿ ನಾನು ನಿಮ್ಮ ಅಣ್ಣನವರ ಪಕ್ಷ.

ನಿಮ್ಮ ಪತ್ರ ಓದುತ್ತಿದ್ದಂತೆ ಇಂಗ್ಲೆಂಡಿನ ಅನ್ನಾ ಆಟ್ಕಿನ್ಸ್ ನೆನಪಾದರು. 1799ರಲ್ಲಿ ಹುಟ್ಟಿದ ಅವರು ಎಳೆಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಬೆಳೆಸಿದವರು ತಂದೆ ಜಾನ್ ಜಾರ್ಜ್ ಚಿಲ್ಡ್ರನ್, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ವಿಜ್ಞಾನಿ. ಫ್ರೆಂಚ್ ವಿಜ್ಞಾನಿ ಲಾಮಾರ್ಕನ ಚಿಪ್ಪುಗಳ ಗ್ರಂಥವನ್ನು ತಂದೆ ಅನುವಾದಿಸಿದಾಗ ಸುಮಾರು 250 ಚಿತ್ರಗಳನ್ನು ಬರೆದುಕೊಟ್ಟವರು ಈ ಮಗಳು. ಮುಂದೆ, ಕುಟುಂಬದ ಸ್ನೇಹಿತ, ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ, ಬಿಸಿಲಿನಿಂದ ಚಿತ್ರ ಮೂಡಿಸುವ ‘ಸಯನೋಟೈಪ್’ ವಿಧಾನವನ್ನು ಅವರು ಕೈಗೆತ್ತಿಕೊಂಡರು. ಕಬ್ಬಿಣದ ಲವಣಗಳನ್ನು ಸವರಿದ ಕಾಗದವನ್ನು ಕತ್ತಲಲ್ಲಿ ಒಣಗಿಸಿ, ಮೇಲೆ ಸಸ್ಯವಿಟ್ಟು, ಗಾಜು ಹೊದಿಸಿ ಬಿಸಿಲಿಗಿಡಬೇಕು. ನೀರಿನಲ್ಲಿ ತೊಳೆದಾಗ ಬೆಳಕು ತಾಗಿದಲ್ಲೆಲ್ಲ ಗಾಢ ನೀಲಿ, ಸಸ್ಯ ಮಲಗಿದ್ದ ಜಾಗ ಬಿಳಿ! 1843ರಿಂದ ಹತ್ತು ವರ್ಷ ಅವರು ಕಡಲ ಪಾಚಿಗಳನ್ನು ಹೀಗೆ ಅಚ್ಚಿಳಿಸಿದರು. ಪಾಚಿಗಳ ಹೆಸರುಗಳೂ ಅವರ ಕೈಬರಹದಲ್ಲೇ, ಅದೇ ನೀಲಿಯ ಮೇಲೆ ಬಿಳಿಯಾಗಿ ಮೂಡಿವೆ.

1852ರ ಮೊದಲ ದಿನ ತಂದೆ ತೀರಿಕೊಂಡರು. ಮರುವರ್ಷವೇ ಮಗಳು ಅವರ ಜೀವನಚರಿತ್ರೆಯನ್ನು ಅಚ್ಚು ಹಾಕಿಸಿದರು. ಗೆಳತಿ ಆನ್ ಡಿಕ್ಸನ್ ಜೊತೆಗೂಡಿ ಜರೀಗಿಡಗಳ ನೀಲಿ ಸಂಪುಟವನ್ನೂ ಮಾಡಿದರು. ತಮ್ಮ ಸಸ್ಯಸಂಗ್ರಹವನ್ನು 1865ರಲ್ಲಿ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಚಿತ್ರ ಮಾಡಲು ಸಂಗ್ರಹವನ್ನು ಕೆಡಿಸಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಯಾವ ಹಳ್ಳದ ದಡದಲ್ಲಿ, ಯಾವ ತಿಂಗಳಲ್ಲಿ ಗಿಡ ಸಿಕ್ಕಿತೆಂದು ತಂದೆಯವರು ಬರೆದಿಟ್ಟಿದ್ದರೆ, ಆ ಸಾಲು ಹರಿದ ದಿನ ಪೆಟ್ಟಿಗೆಯಲ್ಲಿರುವ ಗಿಡ ಊರು ಕೇರಿಯಿಲ್ಲದ್ದಾಗುತ್ತದೆ. ಪುಸ್ತಕಗಳನ್ನು ಅವರು ಜೋಡಿಸಿಟ್ಟ ಕ್ರಮದಲ್ಲೇ ಇರಿಸಿ. ಲ್ಯಾಮಿನೇಷನ್, ಸೆಲೊಟೇಪ್ ಬೇಡವೇ ಬೇಡ. ಪುಟಗಳನ್ನು ಸ್ಕ್ಯಾನ್ ಮಾಡಿಸಿ, ಚಿತ್ರಗಳಿಗೆ ಆ ಪ್ರತಿಗಳನ್ನು ಬಳಸಿ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದಲ್ಲಿ 2019ರಿಂದ ಒಂದು ಪತ್ರಾಗಾರವಿದೆ. ಜೀವವಿಜ್ಞಾನಿಗಳ ಕಾಗದಪತ್ರಗಳನ್ನು ಕಾಪಾಡುವುದೇ ಅದರ ಕೆಲಸ. ಅಲ್ಲಿ ವಿಚಾರಿಸಿ, ಅಣ್ಣನವರನ್ನೂ ಕರೆದುಕೊಂಡು ಹೋಗಿ.

ಆಮೇಲೆ, ತಂದೆಯವರು ಗುರುತು ಮಾಡಿದ ಹಳ್ಳಕ್ಕೇ ಹೋಗಿ, ಅಲ್ಲಿನ ಒಂದು ಹೊಸ ಜರೀಎಲೆಯನ್ನು ತಂದು, ಅನ್ನಾ ಅವರಂತೆಯೇ ಲವಣ ಸವರಿದ ಕಾಗದದ ಮೇಲೆ ಬಿಸಿಲಿಗಿಡಿ. ಆ ನೀಲಿ ಹಾಳೆಯ ಪಕ್ಕದಲ್ಲಿ ಅವರ ಟಿಪ್ಪಣಿಯ ಪ್ರತಿಯನ್ನು ತೂಗುಹಾಕಿದರೆ ನೋಡಲು ನಾನೇ ಸಾಗರಕ್ಕೆ ಬರುತ್ತೇನೆ. ಸದ್ಯಕ್ಕೆ, ಮಳೆಗಾಲ ಹಿಡಿಯುವ ಮೊದಲು ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿಡಿ.