ಚರಗ ಬಿಟ್ಟು ಕೆರೆಗೆ ಹೋಗಬಹುದೇ?

ಪ್ರಶ್ನೆ: ಮದುವೆಯಾಗಿ 34 ವರ್ಷ. ಎಳ್ಳ ಅಮಾವಾಸ್ಯೆಗೆ ಇಪ್ಪತ್ತು ಮಂದಿಗೆ ಬುತ್ತಿ ಕಟ್ಟಿ ಹೊಲದಲ್ಲಿ ಚರಗ (ಭೂಮಿತಾಯಿಗೆ ಅರ್ಪಿಸುವ ಅಡುಗೆ) ಚೆಲ್ಲುತ್ತಿದ್ದೆವು. ಈಗ ಹೊಲ ಲಾವಣಿಗೆ (ಗುತ್ತಿಗೆಗೆ) ಕೊಟ್ಟಿದ್ದೇವೆ, ಮಕ್ಕಳು ಪುಣೆಯಲ್ಲಿ. ಈ ಸಲ ಇಬ್ಬರೇ ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗೋಣ ಅಂತಾರೆ ಯಜಮಾನರು. ಪದ್ಧತಿ ಮುರಿದಂತಾಗದೇ?
– ಓದುಗರು, ಗದಗ

ಉತ್ತರ: ಹೋಗಿ ಬನ್ನಿ ಅಕ್ಕಾ. ನಮ್ಮ ಮನೆಯಲ್ಲೂ ಹೀಗೇ ಆಯ್ತು. ಒಂದು ವರ್ಷ ಇಬ್ಬರಿಗಾಗಿ ಅಷ್ಟೆಲ್ಲ ಮಾಡಿ, ಸಂಜೆ ಸೊಂಟ ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಮರುವರ್ಷ ನಾಲ್ಕು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಅದೇ ಕೆರೆಗೆ ಹೋದೆವು.

ಹಿಮಾಲಯ ದಾಟಿ ಬರುವ ಹೆಬ್ಬಾತುಗಳು ಅವು. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟಿ. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಗ್ಗೆ ಗುಂಪುಗುಂಪಾಗಿ ನೀರಿಗೆ ಇಳಿಯುತ್ತವೆ. ಅದಕ್ಕೇ ಬೇಗ ಹೊರಡಿ. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಮಾನ್ಯತೆಯೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಗುರುತು) ಸಿಕ್ಕಿದೆ.

ದಂಡೆಯಲ್ಲಿ ನಮ್ಮವರು ರೊಟ್ಟಿ ಮುರಿದು ಮೊದಲ ತುತ್ತು ನನ್ನ ಕೈಗಿಟ್ಟರು. ಹೊಲದಲ್ಲಿ ನಾನು ಯಾವಾಗಲೂ ಬಡಿಸುವವಳೇ. ಅವರ ಪಕ್ಕ ಕೂತು ಎಳೆಬಿಸಿಲಲ್ಲಿ ಉಂಡದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

ಚರಗ ಪೂರ್ತಿ ಬಿಡಬೇಕೆಂದಿಲ್ಲ ಅಲ್ವಾ? ಲಾವಣಿ ಮಾಡುವವರ ಮನೆಗೆ ಹಿಂದಿನ ದಿನವೇ ಒಂದು ಡಬ್ಬಿ ಕಳಿಸಿ, ನಿಮ್ಮ ಹೆಸರಲ್ಲೂ ಚೆಲ್ಲುತ್ತಾರೆ. ದುರ್ಬೀನು ಇದ್ದರೆ ಮರೆಯದೆ ಒಯ್ಯಿರಿ.